ಬೆಂಕಿ ಬಿದ್ದರೆ ಎಷ್ಟು ಜನ ಹೊರಗೆ ಬರುತ್ತಾರೆ? ತುಮಕೂರಿನ ಒಂದು ರೀಡಿಂಗ್ ಹಾಲ್ ಇಟ್ಟುಕೊಂಡು ಸಿಮ್ಯುಲೇಶನ್ ಮಾಡುವ ಬಗೆ

ಪಾವಗಡ, ಶಿರಾ, ಮಧುಗಿರಿ, ಗುಬ್ಬಿ, ಕುಣಿಗಲ್ ಕಡೆಯಿಂದ ಓದೋಕೆ ಅಂತ ತುಮಕೂರಿಗೆ ಬರುವ ಮಕ್ಕಳು ರೂಮು ಮಾಡಿಕೊಂಡು ಇರುತ್ತಾರೆ. ಕೋಚಿಂಗ್ ಮುಗಿದ ಮೇಲೆ ಉಳಿದ ಹೊತ್ತೆಲ್ಲ ರೀಡಿಂಗ್ ಹಾಲ್‌ನಲ್ಲಿ. ಬಿ.ಎಚ್. ರಸ್ತೆ, ಎಸ್.ಎಸ್. ಪುರಂ ಸುತ್ತಮುತ್ತ ನಡೆದು ನೋಡಿ. ಕೆಳಗೆ ಅಂಗಡಿ, ಮೇಲೆ ಹಾಲ್, ಹತ್ತೋದಕ್ಕೂ ಇಳಿಯೋದಕ್ಕೂ ಒಂದೇ ಮೆಟ್ಟಿಲು, ಆ ಮೆಟ್ಟಿಲ ಬುಡದಲ್ಲಿ ಮೀಟರ್ ಬೋರ್ಡು ಮತ್ತು ನಿಲ್ಲಿಸಿದ ಸ್ಕೂಟರ್‌ಗಳು. ಇಂಥ ಕಟ್ಟಡ ಒಂದಾದರೂ ಕಣ್ಣಿಗೆ ಬೀಳುತ್ತದೆ.

2019ರ ಮೇ 24ರಂದು ಸೂರತ್‌ನ ತಕ್ಷಶಿಲಾ ಕಾಂಪ್ಲೆಕ್ಸ್‌ಗೆ ಬೆಂಕಿ ಬಿದ್ದು, ಮೇಲಿನ ಕೋಚಿಂಗ್ ಕ್ಲಾಸಿನಲ್ಲಿದ್ದ 22 ವಿದ್ಯಾರ್ಥಿಗಳು ಸತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಎರಡೂ ಕಡೆ ಜನ ಮೇಲಿಂದ ಹಾರಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಇಳಿಯುವ ದಾರಿಯನ್ನು ಹೊಗೆ ಹಿಡಿದುಬಿಟ್ಟರೆ ಮನುಷ್ಯನಿಗೆ ಬೇರೆ ದಾರಿ ಕಾಣುವುದಿಲ್ಲ.

ನಿಮ್ಮ ಕಟ್ಟಡದಲ್ಲಿ ಹಾಗಾಗುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಂದು ಟೇಪು, ಮೊಬೈಲಿನ ಸ್ಟಾಪ್‌ವಾಚ್, ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇದ್ದರೆ ಸಾಕು. ಸಿವಿಲ್ ಓದುವ ವಿದ್ಯಾರ್ಥಿಗಳು, ಹಾಲ್ ನಡೆಸುವವರು, ಕಟ್ಟಡದ ಮಾಲೀಕರು, ಎಲ್ಲರೂ ಮಾಡಬಹುದು.

ಸರಾಸರಿ ಯಾಕೆ ಸಾಲದು

ತುಮಕೂರಿನಿಂದ ದೇವನಹಳ್ಳಿಗೆ ವಿಮಾನ ಹಿಡಿಯಲು ಹೊರಟವರು ಸರಾಸರಿ ಎಷ್ಟು ಹೊತ್ತಾಗುತ್ತದೋ ಅಷ್ಟೇ ಇಟ್ಟುಕೊಂಡು ಹೊರಡುವುದಿಲ್ಲ, ಅಲ್ವಾ? ನೆಲಮಂಗಲದಲ್ಲಿ ಸಿಕ್ಕಿಹಾಕಿಕೊಂಡರೆ ಏನು ಗತಿ ಅಂತ ಲೆಕ್ಕ ಹಾಕಿಯೇ ಮನೆ ಬಿಡುತ್ತಾರೆ. ಬೆಂಕಿಯ ಲೆಕ್ಕಕ್ಕೂ ಅದೇ ಎಚ್ಚರ ಬೇಕು. ಸರಾಸರಿ ಬೆಂಕಿ, ಸರಾಸರಿ ಜನ, ಸರಾಸರಿ ಅವಸರ ಅಂತ ಹಾಕಿ ನೋಡಿದರೆ ಅಪಾಯದ ಕಟ್ಟಡವೂ ಪಾಸಾಗಬಹುದು. ಅನಾಹುತ ಆಗುವುದು ಬೆಂಕಿ ಜೋರಾಗಿದ್ದು, ಹಾಲ್ ತುಂಬಿದ್ದು, ಬಾಗಿಲಿನ ಒಂದು ಕದಕ್ಕೆ ಬೋಲ್ಟ್ ಬಿದ್ದಿದ್ದು, ಮೂರೂ ಒಂದೇ ದಿನ ಕೂಡಿ ಬಂದಾಗ.

ಹೀಗೆ ಕೂಡಿ ಬರುವ ಸಾಧ್ಯತೆಯನ್ನು ಹಿಡಿಯಲು ಮಾಂಟೆ ಕಾರ್ಲೊ ಎಂಬ ವಿಧಾನ ಇದೆ. ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ವಾನ್ ನ್ಯೂಮನ್ 1940ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಇದನ್ನು ರೂಪಿಸಿದರು. ಕೆಲಸ ಸರಳ. ಖಚಿತವಿಲ್ಲದ ಪ್ರತಿ ಅಂಶಕ್ಕೂ ಒಂದು ಸಂಖ್ಯೆಯ ಬದಲು ಒಂದು ವ್ಯಾಪ್ತಿ ಕೊಡುತ್ತೀರಿ. ಕಂಪ್ಯೂಟರ್ ಪ್ರತಿ ಸಲ ಆ ವ್ಯಾಪ್ತಿಯಿಂದ ಒಂದೊಂದು ಸಂಖ್ಯೆ ಎತ್ತಿಕೊಂಡು ಒಂದು ಕಾಲ್ಪನಿಕ ಬೆಂಕಿಯ ದಿನ ಕಟ್ಟುತ್ತದೆ. ಹಾಗೆ ಸಾವಿರಾರು ದಿನ ಕಟ್ಟಿ, ಎಷ್ಟರಲ್ಲಿ ಜನ ಉಳಿದರು, ಎಷ್ಟರಲ್ಲಿ ಉಳಿಯಲಿಲ್ಲ ಅಂತ ಎಣಿಸುತ್ತೀರಿ.

ಹಂತ 1: ಎರಡು ಸಮಯ, ಒಂದು ಪ್ರಶ್ನೆ

ಇಡೀ ಲೆಕ್ಕ ಎರಡು ಸಮಯಗಳ ಮೇಲೆ ನಿಂತಿದೆ. ಮೊದಲನೆಯದು ಸಿಗುವ ಸಮಯ: ಬೆಂಕಿ ಹತ್ತಿದಾಗಿನಿಂದ ಹೊಗೆ ಜನರ ಮುಖದ ಮಟ್ಟಕ್ಕೆ ಇಳಿಯುವವರೆಗೆ ಎಷ್ಟು ಸೆಕೆಂಡ್? ಎರಡನೆಯದು ಬೇಕಾಗುವ ಸಮಯ: ಕೊನೆಯವರು ಹೊರಗೆ ಕಾಲಿಡುವವರೆಗೆ ಎಷ್ಟು ಸೆಕೆಂಡ್? ಎಂಜಿನಿಯರ್‌ಗಳು ಇವನ್ನು ಎಸೆಟ್, ಆರ್‌ಸೆಟ್ ಅನ್ನುತ್ತಾರೆ.

ಸಿಗುವ ಸಮಯದಿಂದ ಬೇಕಾಗುವ ಸಮಯ ಕಳೆಯಿರಿ. ಉಳಿದದ್ದು ಪ್ಲಸ್ ಆದರೆ ಎಲ್ಲರೂ ಹೊರಗೆ. ಮೈನಸ್ ಆದರೆ ಯಾರೋ ಒಳಗೆ ಉಳಿದರು. "ಬೆಂಕಿ ಹತ್ತಿದರೆ ಇದು ಮೈನಸ್ ಆಗುವ ಸಾಧ್ಯತೆ ಎಷ್ಟು?" ಈ ಒಂದೇ ಪ್ರಶ್ನೆ ಹಿಡಿದುಕೊಳ್ಳಿ. ಕಟ್ಟಡ ಕುಸಿಯುತ್ತದೆಯೇ, ಪಕ್ಕದ ಅಂಗಡಿಗೆ ಹರಡುತ್ತದೆಯೇ ಅನ್ನುವುದು ಬೇರೆ ಲೆಕ್ಕಗಳು. ಎಲ್ಲವನ್ನೂ ಒಂದೇ ಶೀಟಿಗೆ ತುರುಕಿದರೆ ಯಾವುದಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ.

ಹಂತ 2: ನಕ್ಷೆ ಬಿಡಿ, ಕಟ್ಟಡ ಸುತ್ತಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹಂತ ಇದು. ನಕ್ಷೆಯಲ್ಲಿ ಬಾಗಿಲು ಯಾವಾಗಲೂ ಪೂರ್ತಿ ತೆರೆದಿರುತ್ತದೆ, ಮೆಟ್ಟಿಲ ಮೇಲೆ ಏನೂ ಇರುವುದಿಲ್ಲ. ನಿಜವಾದ ಕಟ್ಟಡ ಹಾಗಿರುವುದಿಲ್ಲ.

ಉದಾಹರಣೆಗೆ ಒಂದು ಕಾಲ್ಪನಿಕ ಹಾಲ್ ಇಟ್ಟುಕೊಳ್ಳೋಣ. ಎರಡನೇ ಮಹಡಿ. 15 ಮೀಟರ್ ಉದ್ದ, 8 ಮೀಟರ್ ಅಗಲ, ಅಂದರೆ 120 ಚದರ ಮೀಟರ್. ಎತ್ತರ 3 ಮೀಟರ್. 90 ಕುರ್ಚಿ. ಒಂದೂವರೆ ಮೀಟರ್ ಅಗಲದ, ಎರಡು ಕದದ ಬಾಗಿಲು. ಹೊರಗೆ 1.2 ಮೀಟರ್ ಅಗಲದ ಒಂದೇ ಮೆಟ್ಟಿಲು.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಅಗ್ನಿ ಸುರಕ್ಷತೆಯದು. ಅದರಲ್ಲಿ ಶೈಕ್ಷಣಿಕ ಕಟ್ಟಡಕ್ಕೆ 4 ಚದರ ಮೀಟರಿಗೆ ಒಬ್ಬರಂತೆ ಜನರ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕಕ್ಕೆ ಈ ಹಾಲ್‌ನಲ್ಲಿ 30 ಜನ. ಹಾಕಿರುವ ಕುರ್ಚಿ 90. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ, ಮುಂದೆ ಎಲ್ಲಾ ಕಡೆ ಇದು ಕಾಡುತ್ತದೆ.

ಈಗ ಹಾಲ್‌ಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ತಲೆ ಎಣಿಸಿ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೆ ಏಳಕ್ಕೆ, ಭಾನುವಾರ. ಪರೀಕ್ಷೆಯ ಅಧಿಸೂಚನೆ ಹೊರಬಿದ್ದ ವಾರದಲ್ಲಿ ಇನ್ನೊಮ್ಮೆ. ಹೋದಾಗಲೆಲ್ಲ ಇವಿಷ್ಟು ಬರೆದುಕೊಳ್ಳಿ: ಎಷ್ಟು ಜನ, ಬಾಗಿಲಿನ ಎರಡೂ ಕದ ತೆರೆದಿವೆಯೇ, ಮೆಟ್ಟಿಲಲ್ಲಿ ಚಪ್ಪಲಿ ಸ್ಟ್ಯಾಂಡ್, ನೀರಿನ ಕ್ಯಾನು, ಹಳೇ ಬೆಂಚು ಏನಾದರೂ ಇದೆಯೇ, ಕೆಳಗಿನ ಗ್ರಿಲ್ ಗೇಟಿಗೆ ಬೀಗ ಇದೆಯೇ, ಅಲಾರಂ ಇದ್ದರೆ ಅದರ ದೀಪ ಉರಿಯುತ್ತಿದೆಯೇ.

ಹೆಚ್ಚಾಗಿ ಕಾಣುವ ಇನ್ನೊಂದು ಸಂಗತಿ ಇದೆ. ಹಳೇ ಕಟ್ಟಡಗಳಲ್ಲಿ ಕಿಟಕಿಯ ಮೇಲೆ ವೆಂಟಿಲೇಟರ್ ಇರುತ್ತಿತ್ತು. ಎಸಿ ಹಾಕಿಸುವಾಗ ಅವನ್ನೆಲ್ಲ ಮುಚ್ಚಿಬಿಡುತ್ತಾರೆ. ಹೊಗೆ ಮೇಲಿಂದ ಹೊರಗೆ ಹೋಗುವ ದಾರಿ ಅದೊಂದೇ ಆಗಿತ್ತು. ಮುಚ್ಚಿದ್ದರೆ ತಪ್ಪದೆ ಬರೆದುಕೊಳ್ಳಿ.

ಹಂತ 3: ಸಿಗುವ ಸಮಯ, ಅಂದರೆ ಹೊಗೆಯ ಲೆಕ್ಕ

ಬೆಂಕಿಯ ಶಕ್ತಿ ಶುರುವಿನಲ್ಲಿ ಸಮಯದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಹಿಡಿಯುವುದು ವಾಡಿಕೆ. ಸಮಯ ಎರಡು ಪಟ್ಟಾದರೆ ಬೆಂಕಿ ನಾಲ್ಕು ಪಟ್ಟು. ಎಷ್ಟು ಬೇಗ ಏರುತ್ತದೆ ಅನ್ನುವುದನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ: 1,055 ಕಿಲೋವ್ಯಾಟ್ ಮುಟ್ಟಲು ಎಷ್ಟು ಸೆಕೆಂಡ್ ಬೇಕು? ನಿಧಾನದ ಬೆಂಕಿಗೆ 600, ಮಧ್ಯಮಕ್ಕೆ 300, ವೇಗದ್ದಕ್ಕೆ 150, ಅತಿ ವೇಗದ್ದಕ್ಕೆ 75. ಇದನ್ನು ಬೆಳವಣಿಗೆ ಸಮಯ ಅನ್ನೋಣ.

ಹಾಲ್‌ನಲ್ಲಿ ಹೊಗೆ ಎಷ್ಟು ಬೇಗ ಇಳಿಯುತ್ತದೆ ಅನ್ನಲು ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ‘92’ ಎಂಬ ಮಾನದಂಡದಲ್ಲಿ ಒಂದು ಸೂತ್ರ ಇದೆ. ಅದನ್ನು ನಮಗೆ ಬೇಕಾದಂತೆ ತಿರುಗಿಸಿ ಬರೆದರೆ ಹೀಗಾಗುತ್ತದೆ:

ಸಿಗುವ ಸಮಯ = (ಬೆಳವಣಿಗೆ ಸಮಯ)^0.4 × (ಎತ್ತರ)^0.8 × (ವಿಸ್ತೀರ್ಣ ÷ ಎತ್ತರದ ವರ್ಗ)^0.6 × (0.91 × ಎತ್ತರ ÷ ಹೊಗೆಯ ಮಟ್ಟ)^0.69

ಉದ್ದಗಳೆಲ್ಲ ಮೀಟರ್‌ನಲ್ಲಿ, ಸಮಯ ಸೆಕೆಂಡ್‌ನಲ್ಲಿ. ಹೊಗೆಯ ಮಟ್ಟ ಅಂದರೆ ಎಲ್ಲಿಯವರೆಗೆ ಹೊಗೆ ಇಳಿಯಲು ಬಿಡಬಹುದು ಅನ್ನುವುದು. ನೆಲದಿಂದ 2 ಮೀಟರ್ ಇಟ್ಟುಕೊಳ್ಳಿ. ಅದಕ್ಕಿಂತ ಕೆಳಗೆ ಇಳಿದರೆ ಜನ ಹೊಗೆಯೊಳಗೆ ನಡೆಯಬೇಕಾಗುತ್ತದೆ. ನಮ್ಮ ಹಾಲ್‌ನ ಅಳತೆ ಹಾಕಿದರೆ ಸೂತ್ರ ಚಿಕ್ಕದಾಗುತ್ತದೆ:

ಸಿಗುವ ಸಮಯ = 14.1 × (ಬೆಳವಣಿಗೆ ಸಮಯ)^0.4

ಮಧ್ಯಮ ಬೆಂಕಿಗೆ 138 ಸೆಕೆಂಡ್. ವೇಗದ್ದಕ್ಕೆ 105. ಅತಿ ವೇಗದ್ದಕ್ಕೆ 79. ಬೆಂಕಿ ನಾಲ್ಕು ಪಟ್ಟು ಬೇಗ ಬೆಳೆದರೂ ಸಮಯ ಅರ್ಧಕ್ಕೂ ಇಳಿಯಲಿಲ್ಲ ನೋಡಿ. ಇದು ಮುಂದೆ ಉಪಯೋಗಕ್ಕೆ ಬರುವ ಮಾತು. ಇಂಥ ತಗ್ಗು ಸೂರಿನ ಹಾಲ್‌ನಲ್ಲಿ ಬೆಂಕಿ ಈ ಮೂರರಲ್ಲಿ ಯಾವ ಬಗೆಯದಾದರೂ ನಿಮ್ಮ ಕೈಯಲ್ಲಿರುವುದು ಸುಮಾರು ಒಂದೂಕಾಲರಿಂದ ಎರಡೂಕಾಲು ನಿಮಿಷ.

ಹೊಗೆ ಹೊರಗೆ ಹೋಗಲು ದಾರಿಯಿಲ್ಲ, ಬೆಂಕಿ ನೆಲಮಟ್ಟದಲ್ಲಿದೆ ಅಂತ ಈ ಸೂತ್ರ ಹಿಡಿಯುತ್ತದೆ. ವೆಂಟಿಲೇಟರ್ ಮುಚ್ಚಿದ ಹಾಲ್‌ಗೆ ಅದು ಸರಿ. ಉದ್ದನೆಯ ಕಾರಿಡಾರ್‌ಗೆ, ಹಲವು ಕೋಣೆ ಇರುವ ಜಾಗಕ್ಕೆ ಇದು ಹೊಂದುವುದಿಲ್ಲ. ಅದಕ್ಕೆ ಏನು ಮಾಡಬೇಕು ಅನ್ನುವುದು ಹಂತ 8ರಲ್ಲಿದೆ.

ಹಂತ 4: ಬೇಕಾಗುವ ಸಮಯ

ಇದರಲ್ಲಿ ಮೂರು ತುಂಡು.

ಗಮನಕ್ಕೆ ಬರುವ ಹೊತ್ತು. ಬೆಂಕಿ ಅದೇ ಹಾಲ್‌ನಲ್ಲಿದ್ದರೆ ಯಾರೋ ಒಬ್ಬರು ಬೇಗ ನೋಡುತ್ತಾರೆ. ಪಕ್ಕದ ಸ್ಟೋರ್ ರೂಮಿನಲ್ಲೋ ಯುಪಿಎಸ್ ಬ್ಯಾಟರಿ ಇಟ್ಟ ಗೂಡಿನಲ್ಲೋ ಇದ್ದರೆ ವಾಸನೆ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹೊಗೆ ಡಿಟೆಕ್ಟರ್ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿ.

ಏಳುವ ಹೊತ್ತು. ಅಲಾರಂ ಕೇಳಿದ ತಕ್ಷಣ ಯಾರೂ ಓಡುವುದಿಲ್ಲ. ಮೊದಲು ಅಕ್ಕಪಕ್ಕ ನೋಡುತ್ತಾರೆ. ಕರೆಂಟ್ ಹೋಗಿರಬೇಕು ಅನ್ಕೊಳ್ತಾರೆ. ಆಮೇಲೆ ಚಾರ್ಜಿಗೆ ಹಾಕಿದ ಫೋನ್, ನೋಟ್ಸು, ಬ್ಯಾಗು. ವರ್ಷವಿಡೀ ಬರೆದ ನೋಟ್ಸ್ ಬಿಟ್ಟು ಏಳಲು ಮನಸ್ಸು ಬರುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇದ್ದವರಿಗೆ ಪಕ್ಕದವರು ತಟ್ಟಿಯೇ ಹೇಳಬೇಕು. ಜನ ಒತ್ತಾಗಿ ಕೂತ ಹಾಲ್‌ನಲ್ಲಿ ಮೊದಲು ಎದ್ದವರ ಹೊತ್ತು ಹಿಡಿದರೆ ಸಾಕು, ಯಾಕೆಂದರೆ ಆಮೇಲೆ ಬಾಗಿಲಿನ ಸಾಲೇ ಎಲ್ಲರನ್ನೂ ನಿಲ್ಲಿಸುತ್ತದೆ. ಹಾಲ್ ಅರ್ಧ ಖಾಲಿ ಇದ್ದಾಗ ಕೊನೆಗೆ ಎದ್ದವರ ಹೊತ್ತು ಹಿಡಿಯಬೇಕು.

ಸಾಲಿನ ಹೊತ್ತು. ಬಾಗಿಲಿನ ಪೂರ್ತಿ ಅಗಲ ಲೆಕ್ಕಕ್ಕೆ ಬರುವುದಿಲ್ಲ. ಜನ ಚೌಕಟ್ಟಿನಿಂದ ಮೈ ದೂರ ಇಟ್ಟೇ ನಡೆಯುತ್ತಾರೆ, ಅದಕ್ಕೆ ಎರಡೂ ಬದಿಗೆ 15 ಸೆಂಟಿಮೀಟರ್ ಕಳೆಯಬೇಕು. ಉಳಿದ ಅಗಲದ ಪ್ರತಿ ಮೀಟರಿಗೆ ಸೆಕೆಂಡಿಗೆ ಹೆಚ್ಚೆಂದರೆ 1.3 ಜನ ದಾಟುತ್ತಾರೆ. ಮೆಟ್ಟಿಲಿಗೂ ಹಾಗೇ 15 ಸೆಂಟಿಮೀಟರ್ ಕಳೆದು, ಮೀಟರಿಗೆ ಸುಮಾರು 1 ಜನ ಹಿಡಿಯಿರಿ. 7 ಇಂಚು ಎತ್ತರ, 11 ಇಂಚು ಅಗಲದ ಒಳ್ಳೆ ಮೆಟ್ಟಿಲಿಗೆ ಈ ಸಂಖ್ಯೆ. ಕಡಿದಾದ ಮೆಟ್ಟಿಲಾದರೆ ಇನ್ನೂ ಕಡಿಮೆ.

ನಮ್ಮ ಹಾಲ್‌ಗೆ ಹಾಕಿ ನೋಡೋಣ. ಎರಡೂ ಕದ ತೆರೆದಿದ್ದರೆ ಬಾಗಿಲು 1.2 × 1.3, ಅಂದರೆ ಸೆಕೆಂಡಿಗೆ 1.56 ಜನರನ್ನು ಬಿಡುತ್ತದೆ. ಆದರೆ ಮೆಟ್ಟಿಲು ಬಿಡುವುದು 0.9 ಜನರನ್ನು ಮಾತ್ರ. ಲ್ಯಾಂಡಿಂಗ್ ತುಂಬಿದ ಮೇಲೆ ಸಾಲು ಹಾಲ್‌ನೊಳಗೇ ನಿಲ್ಲುತ್ತದೆ, ಹಾಗಾಗಿ ಲೆಕ್ಕಕ್ಕೆ 0.9. ಒಂದು ಕದಕ್ಕೆ ಬೋಲ್ಟ್ ಹಾಕಿದ್ದರೆ ಉಳಿದ ಅಗಲ 0.75 ಮೀಟರ್. ಅದರಲ್ಲಿ 0.3 ಕಳೆದರೆ 0.45. ಸೆಕೆಂಡಿಗೆ 0.585 ಜನ. ಬಾಗಿಲು ಅರ್ಧವಾದರೆ ದಾಟುವವರು ಅರ್ಧಕ್ಕಿಂತ ಕಡಿಮೆಯಾಗುತ್ತಾರೆ. 1.56 ಎಲ್ಲಿ, 0.585 ಎಲ್ಲಿ!

ಸಾಲಿನ ಹೊತ್ತು = ಜನರ ಸಂಖ್ಯೆ ÷ ಬಾಗಿಲು, ಮೆಟ್ಟಿಲು ಎರಡರಲ್ಲಿ ಚಿಕ್ಕದು.

ಹಂತ 5: ಒಂದು ಸಂಖ್ಯೆಯ ಬದಲು ವ್ಯಾಪ್ತಿ

ಪ್ರತಿ ಅಂಶಕ್ಕೂ ಯಾವ ಆಕಾರದ ವ್ಯಾಪ್ತಿ ಅನ್ನುವುದರಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ. ಮೂರು ಬಗೆ ಗೊತ್ತಿದ್ದರೆ ಸಾಕು.

ತ್ರಿಕೋನ. ಕನಿಷ್ಠ, ಹೆಚ್ಚಾಗಿ ಕಾಣುವುದು, ಗರಿಷ್ಠ ಗೊತ್ತಿದ್ದಾಗ ಇದು. ನೀವು ಎಣಿಸಿದ ತಲೆಗಳು ಇಲ್ಲಿ ಬರುತ್ತವೆ. ನಮ್ಮ ಹಾಲ್‌ಗೆ 20, 55, 90 ಅಂತಿಟ್ಟುಕೊಳ್ಳಿ. ಶೀಟಿನ ರ್ಯಾಂಡ್ ಫಂಕ್ಷನ್ 0 ಮತ್ತು 1ರ ನಡುವೆ ಒಂದು ಸಂಖ್ಯೆ ಕೊಡುತ್ತದೆ. ಮೊದಲು (55 − 20) ÷ (90 − 20) ಲೆಕ್ಕ ಮಾಡಿ, 0.5 ಬರುತ್ತದೆ. ರ್ಯಾಂಡ್ ಅದಕ್ಕಿಂತ ಚಿಕ್ಕದಾದರೆ: 20 + ವರ್ಗಮೂಲ (ರ್ಯಾಂಡ್ × 70 × 35). ದೊಡ್ಡದಾದರೆ: 90 − ವರ್ಗಮೂಲ ((1 − ರ್ಯಾಂಡ್) × 70 × 35). ರ್ಯಾಂಡ್ 0.3 ಬಂದರೆ 47 ಜನ, 0.9 ಬಂದರೆ 74 ಜನ. 70 ಅನ್ನುವುದು ಗರಿಷ್ಠದಿಂದ ಕನಿಷ್ಠ ಕಳೆದದ್ದು. 35 ಅನ್ನುವುದು ಮೊದಲ ಸೂತ್ರದಲ್ಲಿ ನಡುವಿನದರಿಂದ ಕನಿಷ್ಠ ಕಳೆದದ್ದು, ಎರಡನೆಯದರಲ್ಲಿ ಗರಿಷ್ಠದಿಂದ ನಡುವಿನದು ಕಳೆದದ್ದು. ಇಲ್ಲಿ ಎರಡೂ ಒಂದೇ ಆಗಿವೆ, ನಿಮ್ಮ ಹಾಲ್‌ಗೆ ಬೇರೆಯಾಗಬಹುದು. ಬೆಳವಣಿಗೆ ಸಮಯಕ್ಕೂ ಇದೇ ತ್ರಿಕೋನ: 75, 150, 300. ಗಮನಕ್ಕೆ ಬರುವ ಹೊತ್ತಿಗೂ ಹೀಗೇ ಮೂರು ಸಂಖ್ಯೆ ಕೊಡಿ.

ಬಾಲ ಇರುವ ವ್ಯಾಪ್ತಿ. ಏಳುವ ಹೊತ್ತಿಗೆ ಇದು. ಹೆಚ್ಚಿನವರು ಬೇಗ ಏಳುತ್ತಾರೆ, ಕೆಲವು ಸಲ ಮಾತ್ರ ತುಂಬಾ ತಡ. ಶೀಟಿನಲ್ಲಿ ಲಾಗ್‌ನಾರ್ಮಲ್ ಇನ್ವರ್ಸ್ ಫಂಕ್ಷನ್ ಇದೆ. ಅದಕ್ಕೆ ರ್ಯಾಂಡ್, 3.22 (25ರ ಸ್ವಾಭಾವಿಕ ಲಾಗ್), 0.5 (ಎಷ್ಟು ಹರಡಿದೆ ಅನ್ನುವುದು) ಕೊಡಿ. ಅರ್ಧ ಸಲ 25 ಸೆಕೆಂಡಿಗಿಂತ ಕಡಿಮೆ ಬರುತ್ತದೆ, ನೂರರಲ್ಲಿ ಐದು ಸಲ 57 ದಾಟುತ್ತದೆ.

ಹೌದು ಅಥವಾ ಇಲ್ಲ. ಕದಕ್ಕೆ ಬೋಲ್ಟ್ ಇತ್ತೇ? ನೀವು ಹೋದ ಹತ್ತು ಸಲದಲ್ಲಿ ಆರು ಸಲ ಇದ್ದರೆ, ರ್ಯಾಂಡ್ 0.6ಕ್ಕಿಂತ ಕಡಿಮೆ ಬಂದಾಗ ಬೋಲ್ಟ್ ಇದೆ ಅಂತ ಬರೆಸಿ.

ಒಂದು ಎಚ್ಚರಿಕೆ. ಅಂಶಗಳು ಒಂದಕ್ಕೊಂದು ಸಂಬಂಧವಿಲ್ಲದವು ಅಂತ ಸುಮ್ನೆ ಹಿಡಿಯಬೇಡಿ. ಸಂಜೆ ಏಳಕ್ಕೆ ಜನವೂ ಜಾಸ್ತಿ, ಎಸಿಯೂ ಓಡುತ್ತಿರುತ್ತದೆ, ಚಾರ್ಜರ್‌ಗಳೂ ಜಾಸ್ತಿ, ಎಸಿ ಗಾಳಿ ಹೊರಗೆ ಹೋಗದಿರಲಿ ಅಂತ ಕದವೂ ಮುಚ್ಚಿರುತ್ತದೆ. ಇವು ಒಟ್ಟಿಗೆ ಬರುತ್ತವೆ. ಇದಕ್ಕೆ ಸುಲಭದ ದಾರಿ: ಶೀಟಿನ ಪ್ರತಿ ಸಾಲಿನಲ್ಲಿ (ಒಂದು ಸಾಲು ಅಂದರೆ ಒಂದು ಕಾಲ್ಪನಿಕ ಬೆಂಕಿಯ ದಿನ) ಮೊದಲು ಹೊತ್ತನ್ನು ಆರಿಸಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಆಮೇಲೆ ಆ ಹೊತ್ತಿಗೆ ನೀವು ಬರೆದುಕೊಂಡ ಸಂಖ್ಯೆಗಳಿಂದಲೇ ಜನ, ಕದ ಎಲ್ಲ ಎತ್ತಿಕೊಳ್ಳಿ. ಇದನ್ನು ಬಿಟ್ಟರೆ ಅಪಾಯ ನಿಜಕ್ಕಿಂತ ಕಡಿಮೆ ಕಾಣುತ್ತದೆ.

ಹಂತ 6: ಮೂರು ಸಾಲು ಕೈಯಲ್ಲೇ ಮಾಡಿ

ಶೀಟಿಗೆ ಬಿಡುವ ಮುಂಚೆ ಅಂಥ ಮೂರು ಸಾಲುಗಳನ್ನು, ಅಂದರೆ ಮೂರು ದಿನಗಳನ್ನು, ಕಾಗದದ ಮೇಲೆ ಬಿಡಿಸಿ. ಸೂತ್ರದಲ್ಲಿ ತಪ್ಪಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಮೊದಲ ದಿನ. ಬೆಳವಣಿಗೆ ಸಮಯ 240. ಸಿಗುವ ಸಮಯ 126 ಸೆಕೆಂಡ್. 40 ಜನ, ಗಮನಕ್ಕೆ ಬರಲು 20, ಏಳಲು 25, ಎರಡೂ ಕದ ತೆರೆದಿವೆ. ಸಾಲು 40 ÷ 0.9, ಅಂದರೆ 44. ಒಟ್ಟು 89. ಉಳಿದದ್ದು 37 ಸೆಕೆಂಡ್. ಎಲ್ಲರೂ ಹೊರಗೆ.

ಎರಡನೇ ದಿನ. ಬೆಳವಣಿಗೆ ಸಮಯ 150. ಸಿಗುವ ಸಮಯ 105. 70 ಜನ, ಗಮನಕ್ಕೆ 25, ಏಳಲು 30, ಒಂದು ಕದಕ್ಕೆ ಬೋಲ್ಟ್. ಸಾಲು 70 ÷ 0.585, ಅಂದರೆ 120. ಒಟ್ಟು 175. 70 ಸೆಕೆಂಡ್ ಕಡಿಮೆ ಬಿತ್ತು.

ಮೂರನೇ ದಿನ. ಬೆಳವಣಿಗೆ ಸಮಯ 110. ಸಿಗುವ ಸಮಯ 92. 55 ಜನ, ಗಮನಕ್ಕೆ 15, ಏಳಲು 20, ಎರಡೂ ಕದ ತೆರೆದಿವೆ. ಸಾಲು 61. ಒಟ್ಟು 96. 4 ಸೆಕೆಂಡ್ ಕಡಿಮೆ.

ಪಾಸು ಫೇಲು ಅಂತಷ್ಟೇ ನೋಡಿದರೆ ಎರಡನೇ ದಿನವೂ ಮೂರನೇ ದಿನವೂ ಒಂದೇ. ಆದರೆ ಕಡಿಮೆ ಬಿದ್ದ ಸೆಕೆಂಡನ್ನು ದಾಟುವ ವೇಗದಿಂದ ಗುಣಿಸಿ ನೋಡಿ. ಮೂರನೇ ದಿನ ಹೊಗೆ ಇಳಿದಾಗ ಒಳಗಿದ್ದವರು ಮೂರು ನಾಲ್ಕು ಜನ, ಬಗ್ಗಿಕೊಂಡು ಹೊರಬರಬಹುದು. ಎರಡನೇ ದಿನ 70 × 0.585, ಅಂದರೆ 41 ಮಕ್ಕಳು ಇನ್ನೂ ಸಾಲಿನಲ್ಲಿ ನಿಂತಿದ್ದಾರೆ. ಅದಕ್ಕೇ ನಿಮ್ಮ ಶೀಟಿನಲ್ಲಿ "ಒಳಗೆ ಉಳಿದವರು" ಅನ್ನುವ ಕಾಲಂ ಇರಲೇಬೇಕು. ನನಗೆ ಶೇಕಡಾವಾರಿಗಿಂತ ಆ ಕಾಲಮ್ಮೇ ಮುಖ್ಯ.

ಮೆಟ್ಟಿಲ ಬುಡದ ಬೆಂಕಿ

ಇಷ್ಟೂ ಲೆಕ್ಕ ಬೆಂಕಿ ಹಾಲ್‌ನೊಳಗೆ ಹತ್ತಿದರೆ. ಮೀಟರ್ ಬೋರ್ಡಿನಲ್ಲೋ, ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್‌ನಲ್ಲೋ, ಕೆಳಗಿನ ಅಂಗಡಿಯಲ್ಲೋ ಹತ್ತಿದರೆ ಕಥೆಯೇ ಬೇರೆ. ಮೆಟ್ಟಿಲಿನ ಗೂಡು ಚಿಮಣಿಯಾಗುತ್ತದೆ. ಮೇಲಿನವರಿಗೆ ದಾರಿಯೇ ಇಲ್ಲ.

ಶೀಟಿನಲ್ಲಿ ಇದನ್ನು ಬೇರೆ ಸನ್ನಿವೇಶವಾಗಿ ಇಡಿ. ಪ್ರತಿ ಸಾಲಿನ ಶುರುವಿನಲ್ಲಿ ಬೆಂಕಿ ಎಲ್ಲಿ ಅನ್ನುವುದನ್ನು ಆರಿಸಿ. ಮೆಟ್ಟಿಲ ಬುಡದಲ್ಲಿ ಅಂತ ಬಂದರೆ, ಎರಡನೇ ಮೆಟ್ಟಿಲು ಇಲ್ಲದ ಕಟ್ಟಡದಲ್ಲಿ ಆ ಹೊತ್ತಿಗೆ ಇದ್ದವರೆಲ್ಲರನ್ನೂ "ಒಳಗೆ ಉಳಿದವರು" ಕಾಲಮ್ಮಿಗೆ ಹಾಕಿ. ಈ ಸನ್ನಿವೇಶಕ್ಕೆ ನೂರಕ್ಕೆ ಹತ್ತರಷ್ಟು ತೂಕ ಕೊಟ್ಟರೂ, ಉಳಿದದ್ದನ್ನೆಲ್ಲ ಸರಿಪಡಿಸಿದ ಮೇಲೆ ಒಟ್ಟು ಫಲಿತಾಂಶದಲ್ಲಿ ದೊಡ್ಡ ಪಾಲಾಗಿ ಉಳಿಯುವುದು ಇದೇ. ಕದ, ಅಲಾರಂ, ಡ್ರಿಲ್ ಯಾವುದೂ ಆ ಭಾಗವನ್ನು ಕಡಿಮೆ ಮಾಡುವುದಿಲ್ಲ. ಎರಡನೇ ಮೆಟ್ಟಿಲು ಮಾಡುತ್ತದೆ. ಮೀಟರ್ ಬೋರ್ಡನ್ನು ಬೆಸ್ಕಾಂ ಅನುಮತಿ ತೆಗೆದುಕೊಂಡು ಹೊರಗೋಡೆಗೆ ಸರಿಸುವುದು, ಮೆಟ್ಟಿಲ ಕೆಳಗೆ ಗಾಡಿ ನಿಲ್ಲಿಸದಿರುವುದು, ಇವು ಆ ಬೆಂಕಿ ಹತ್ತುವ ಸಾಧ್ಯತೆಯನ್ನೇ ಇಳಿಸುತ್ತವೆ. ಇದಕ್ಕೆ ಸಿಮ್ಯುಲೇಶನ್ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಇವತ್ತೇ ಗಾಡಿ ತೆಗೆಸಿ.

ಹಂತ 7: ಎಷ್ಟು ಸಲ ಓಡಿಸಬೇಕು

ಒಂದು ಸಾಲು ಒಂದು ದಿನ. ಸೂತ್ರವನ್ನು ಕೆಳಗೆ ಎಳೆದು 10,000 ಸಾಲು ಮಾಡಿ. ನೀವು ಏನೇ ಟೈಪ್ ಮಾಡಿದರೂ ರ್ಯಾಂಡ್ ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಫಲಿತಾಂಶ ನೋಡುವ ಮುಂಚೆ ಕಾಪಿ ಮಾಡಿ ಬರೀ ಸಂಖ್ಯೆಗಳನ್ನು ಪೇಸ್ಟ್ ಮಾಡಿಕೊಳ್ಳಿ. ಪೈಥಾನ್ ಬಲ್ಲವರು ನಂಪೈ ಬಳಸಿ, ಸೀಡ್ ಕೊಟ್ಟು ಓಡಿಸಬಹುದು.

1,000 ಸಾಲಿನಲ್ಲಿ 50 ಸೋತರೆ 5 ಶೇಕಡಾ ಅನ್ನಬಹುದು, ಆದರೆ ಅದರಲ್ಲಿ ಹೆಚ್ಚು ಕಡಿಮೆ 1.4ರ ಅಲುಗಾಟ ಇದೆ. ಅಂದರೆ 3.6ರಿಂದ 6.4. 10,000 ಸಾಲಿನಲ್ಲಿ 500 ಸೋತರೆ ಅಲುಗಾಟ 0.4ಕ್ಕೆ ಇಳಿಯುತ್ತದೆ. ಅಲುಗಾಟ ಅರ್ಧ ಮಾಡಬೇಕಾದರೆ ಸಾಲು ನಾಲ್ಕು ಪಟ್ಟು ಬೇಕು. ಇನ್ನೊಂದು: 1,000 ಸಾಲಿನಲ್ಲಿ ಒಂದೂ ಸೋಲಲಿಲ್ಲ ಅಂದರೆ ಅಪಾಯ ಸೊನ್ನೆ ಅಂತಲ್ಲ. 3 ಭಾಗ 1,000, ಅಂದರೆ 0.3 ಶೇಕಡಾವರೆಗೆ ಇರಬಹುದು ಅಂತಷ್ಟೇ ಹೇಳಬಹುದು.

ಆದರೆ ಸಾಲು ಹೆಚ್ಚಿಸಿದರೆ ಎಣಿಕೆಯ ತಪ್ಪು ಸರಿಹೋಗುವುದಿಲ್ಲ. ಹಾಲ್‌ನಲ್ಲಿ 90 ಕುರ್ಚಿ ಇದ್ದು ನೀವು 30 ಅಂತ ಹಾಕಿದ್ದರೆ ಲಕ್ಷ ಸಾಲು ಓಡಿಸಿದರೂ ಉತ್ತರ ಸುಳ್ಳೇ.

ಇನ್ನು ಫಲಿತಾಂಶ ಓದುವುದು. ಬಂದ ಶೇಕಡಾ "ಬೆಂಕಿ ಹತ್ತಿದರೆ" ಅನ್ನುವ ಷರತ್ತಿನದು. ಅದನ್ನು ವರ್ಷದ ಅಪಾಯ ಅಂತ ಬರೆಯಬೇಡಿ. ಒಂದು ಕಟ್ಟಡಕ್ಕೆ ಇದರ ನಿಜವಾದ ಉಪಯೋಗ ಹೋಲಿಕೆ: ಏನು ಬದಲಿಸಿದರೆ ಎಷ್ಟು ಇಳಿಯುತ್ತದೆ? ಸಾಲುಗಳನ್ನು ಉಳಿದ ಸೆಕೆಂಡಿನ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಕೆಟ್ಟ ಹತ್ತರಲ್ಲೊಂದು ಭಾಗವನ್ನು ಮಾತ್ರ ಓದಿ. ಅವುಗಳಲ್ಲಿ ಏನು ಮತ್ತೆ ಮತ್ತೆ ಕಾಣುತ್ತದೆ? ಬೋಲ್ಟ್ ಹಾಕಿದ ಕದವೇ, ಜನಸಂಖ್ಯೆಯೇ, ವೇಗದ ಬೆಂಕಿಯೇ? ಕೋರೆಲ್ ಫಂಕ್ಷನ್‌ನಿಂದ ಪ್ರತಿ ಅಂಶಕ್ಕೂ ಉಳಿದ ಸೆಕೆಂಡಿಗೂ ಇರುವ ನಂಟು ಅಳೆಯಬಹುದು.

ನಮ್ಮ ಎರಡನೇ ದಿನವನ್ನೇ ತೆಗೆದುಕೊಳ್ಳಿ. ಬೋಲ್ಟ್ ತೆಗೆದರೆ ಬೇಕಾಗುವ ಸಮಯ 175ರಿಂದ 133ಕ್ಕೆ ಇಳಿಯುತ್ತದೆ, ಒಳಗೆ ಉಳಿಯುವವರು 41ರಿಂದ 25ಕ್ಕೆ. ಒಂದು ರೂಪಾಯಿ ಖರ್ಚಿಲ್ಲ. ಆದರೂ ಸಾಲದು. ಅದರ ಜೊತೆಗೆ ಕುರ್ಚಿ 30ಕ್ಕೆ ಇಳಿಸಿದರೆ ಒಟ್ಟು 88 ಸೆಕೆಂಡ್, 16-17 ಸೆಕೆಂಡ್ ಉಳಿಯುತ್ತದೆ. 70 ಜನ ಇದ್ದೂ ಬೇರೆ ಬಾಗಿಲಿನ ಜೊತೆ ಅಷ್ಟೇ ಅಗಲದ ಎರಡನೇ ಮೆಟ್ಟಿಲು ಕಟ್ಟಿದರೆ 94 ಸೆಕೆಂಡ್, 11 ಉಳಿಯುತ್ತದೆ. ಮೆಟ್ಟಿಲ ಬುಡದ ಬೆಂಕಿಗೂ ಉತ್ತರ ಸಿಗುವುದು ಇದರಲ್ಲಿ ಮಾತ್ರ. ಕುರ್ಚಿ ಇಳಿಸಿದರೆ ಬಾಡಿಗೆ ಕಟ್ಟುವುದು ಹೇಗೆ ಅಂತ ಹಾಲ್ ನಡೆಸುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಎರಡೂ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಕಟ್ಟಡದ ಮಾಲೀಕರ ಮುಂದಿಡಿ. ಹೊರಗಿನ ಮೆಟ್ಟಿಲಿನ ಖರ್ಚು ಮಾಲೀಕರು ಹಾಕಿಕೊಳ್ಳಬೇಕಾದದ್ದು.

ಹಂತ 8: ದೊಡ್ಡ ಕಟ್ಟಡವಾದರೆ

ಹಾಸ್ಟೆಲ್, ಆಸ್ಪತ್ರೆ, ವಸಂತನರಸಾಪುರದ ಕಾರ್ಖಾನೆ ಶೆಡ್ಡು, ಇವಕ್ಕೆ ಒಂದು ಸೂತ್ರ ಸಾಲದು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಸಿಫಾಸ್ಟ್, ಎಫ್‌ಡಿಎಸ್ ಎಂಬ ಎರಡು ತಂತ್ರಾಂಶಗಳನ್ನು ಉಚಿತವಾಗಿ ಕೊಡುತ್ತದೆ. ಸಿಫಾಸ್ಟ್ ಪ್ರತಿ ಕೋಣೆಯನ್ನು ಮೇಲಿನ ಬಿಸಿ ಹೊಗೆ, ಕೆಳಗಿನ ತಣ್ಣನೆ ಗಾಳಿ ಅಂತ ಎರಡು ಪದರವಾಗಿ ನೋಡುತ್ತದೆ, ಬೇಗ ಮುಗಿಯುತ್ತದೆ. ಎಫ್‌ಡಿಎಸ್ ಜಾಗವನ್ನು ಸಣ್ಣ ಸಣ್ಣ ಪೆಟ್ಟಿಗೆಗಳಾಗಿ ಒಡೆದು ಹೊಗೆಯ ಹರಿವನ್ನೇ ಲೆಕ್ಕ ಹಾಕುತ್ತದೆ. ಒಂದು ಓಟಕ್ಕೆ 10 ಗಂಟೆ ಹಿಡಿದರೂ 1,000 ಓಟಕ್ಕೆ ವರ್ಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಸಾವಿರಾರು ಸಲ ಸಿಫಾಸ್ಟ್ ಓಡಿಸಿ, ಅದರಲ್ಲಿ ಕೆಟ್ಟದಾಗಿ ಬಂದ ಕೆಲವನ್ನು ಮಾತ್ರ ಎಫ್‌ಡಿಎಸ್‌ನಲ್ಲಿ ಪರಿಶೀಲಿಸುವುದು ಸರಿ. ವ್ಯಾಪ್ತಿಯ ಎಲ್ಲಾ ಭಾಗದಿಂದಲೂ ಸಮನಾಗಿ ಎತ್ತಿಕೊಳ್ಳುವ ಲ್ಯಾಟಿನ್ ಹೈಪರ್‌ಕ್ಯೂಬ್ ವಿಧಾನ ಬಳಸಿದರೆ ಓಟಗಳ ಸಂಖ್ಯೆ ಕಡಿಮೆ ಸಾಕು.

ತಿಪಟೂರು ಕಡೆ ಕೊಬ್ಬರಿ ಗೋದಾಮಿಗೆ ಈ ಲೆಕ್ಕ ಮಾಡುವವರು ಬೆಳವಣಿಗೆ ಸಮಯವನ್ನು ಬೇರೆಯೇ ಇಟ್ಟುಕೊಳ್ಳಬೇಕು. ಅಲ್ಲಿ ಜನ ಕಡಿಮೆ, ಎಣ್ಣೆ ತುಂಬಿದ ಸರಕು ಜಾಸ್ತಿ. ಪ್ರಶ್ನೆಯೂ ಬದಲಾಗುತ್ತದೆ.

ಹಂತ 9: ಡ್ರಿಲ್ ಮಾಡಿ ತಾಳೆ ನೋಡಿ

ಹಾಲ್ ತುಂಬಿದ ಒಂದು ಸಂಜೆ, ನಡೆಸುವವರಿಗೆ ಹೇಳಿ, ಓದುವವರಿಗೆ ಹೊತ್ತು ಹೇಳದೆ, ಒಂದು ಡ್ರಿಲ್ ಮಾಡಿ. ಇಬ್ಬರು ಸ್ಟಾಪ್‌ವಾಚ್ ಹಿಡಿಯಲಿ. ಒಬ್ಬರು ಕೂಗಿದ ಕ್ಷಣದಿಂದ ಮೊದಲನೆಯವರು ಬಾಗಿಲು ದಾಟುವವರೆಗೆ. ಇನ್ನೊಬ್ಬರು ಮೊದಲನೆಯವರಿಂದ ಕೊನೆಯವರವರೆಗೆ. ಮೆಟ್ಟಿಲಲ್ಲಿ ಯಾರೂ ನೂಕದಂತೆ ಇಬ್ಬರು ನಿಂತಿರಲಿ. ಬಂದ ಹೊತ್ತು ಶೀಟಿನ ಸಾಲಿನ ಹೊತ್ತಿಗೆ ಹತ್ತಿರ ಇದ್ದರೆ ಸರಿ. ತುಂಬಾ ದೂರ ಇದ್ದರೆ ಶೀಟನ್ನು ತಿದ್ದಿ, ಡ್ರಿಲ್ಲಿನ ಸಂಖ್ಯೆಯನ್ನಲ್ಲ.

ಜಿಲ್ಲಾ ಅಗ್ನಿಶಾಮಕ ಕಚೇರಿಗೆ ಈ ಹಾಳೆ ತೆಗೆದುಕೊಂಡು ಹೋಗಿ ಮಾತಾಡಿ. ಆದರೆ ಇದು ನಿರಾಕ್ಷೇಪಣಾ ಪತ್ರಕ್ಕೆ ಬದಲಿಯಲ್ಲ, ಸಂಹಿತೆಯ ನಿಯಮದಿಂದ ತಪ್ಪಿಸಿಕೊಳ್ಳುವ ದಾರಿಯೂ ಅಲ್ಲ. ನಿಯಮ ಹೇಳಿದ ಅಗಲ, ಮೆಟ್ಟಿಲು, ಅಲಾರಂ ಇರಲೇಬೇಕು. ಅವೆಲ್ಲ ಇದ್ದ ಮೇಲೂ ಜನ ಹೊರಗೆ ಬರುತ್ತಾರೆಯೇ ಅನ್ನುವುದನ್ನು ಈ ಲೆಕ್ಕ ತೋರಿಸುತ್ತದೆ.

ವರದಿ ಒಂದೇ ಹಾಳೆಯಲ್ಲಿ ಮುಗಿಯಲಿ. ಮೇಲೆ ನೀವು ಎಣಿಸಿದ ತಲೆಗಳು ಮತ್ತು ಕದದ ಸ್ಥಿತಿ, ದಿನಾಂಕ ಸಮೇತ. ನಡುವೆ ಈಗಿನ ಫಲಿತಾಂಶ ಮತ್ತು ಪ್ರತಿ ಬದಲಾವಣೆಯ ಫಲಿತಾಂಶ, ಎರಡರಲ್ಲೂ ಒಳಗೆ ಉಳಿಯುವವರ ಸಂಖ್ಯೆ. ಕೆಳಗೆ ನೀವು ಹಿಡಿದ ವ್ಯಾಪ್ತಿಗಳೆಲ್ಲ, ಬೇರೆಯವರು ನೋಡಿ ಪ್ರಶ್ನಿಸುವಂತೆ. 101 ಮತ್ತು 112 ನಂಬರ್ ಬಾಗಿಲ ಪಕ್ಕದಲ್ಲಿ ದೊಡ್ಡದಾಗಿ ಇರಲಿ. ಹಾಲ್‌ಗೆ ಹೊಸ ಕುರ್ಚಿ ಬಂದರೆ, ಎಸಿ ಬಂದರೆ, ಕೆಳಗಿನ ಅಂಗಡಿ ಕೈ ಬದಲಾಗಿ ಪೇಂಟೋ ಫೋಮ್ ಹಾಸಿಗೆಯೋ ಮಾರಲು ಶುರು ಮಾಡಿದರೆ, ಶೀಟ್ ತೆರೆದು ಆ ಸಂಖ್ಯೆ ಬದಲಿಸಿ ಮತ್ತೆ ಓಡಿಸಿ.